ಎಳೆಯರ ಕಲೆಗೆ ಎಡೆ
(ಶ್ರೀಮಠದ ಮಹೋತ್ಸವದ ಅಂಗವಾಗಿ ಕುರುಬರಹಳ್ಳಿಯಲ್ಲಿ ಸೇರಿದ ಸಭೆಯಲ್ಲಿ ಮಾಡಿದ ಉಪನ್ಯಾಸ)

ಮಹನೀಯರೇ, ಮಾತೆಯರೇ, ಈ ಪಂಡಿತನ ಮಾತು ಎಂದಿಗೆ ಮುಗಿದೀತೆಂದು ಹಿಂದಿನ ಸಾಲಿನಲ್ಲಿ ಕುಳಿತು ಯೋಚಿಸುತ್ತಿರುವ ಬಾಲಕ ಬಾಲಿಕೆಯರೇ,

ಸಮಿತಿಯವರು ನನಗೆ ಗೊತ್ತುಮಾಡಿದ್ದ ವಿಷಯವು ಬೇರೆ. ಶಿವಶರಣರ ಕಾಲದ ಗೀತ ವಾದ್ಯ ನೃತ್ಯಗಳನ್ನು ಕುರಿತು ಒಂದು ಗಂಟೆಯ ಹೊತ್ತು ಮಾತನಾಡಬೇಕೆಂದು ಅಪ್ಪಣೆಯಾಗಿದ್ದಿತು. ಅದಕ್ಕೆ ತಕ್ಕಂತೆ ಟಿಪ್ಪಣಿಗಳನ್ನೂ ಸಿದ್ಧಮಾಡಿಕೊಂಡು ಬಂದೆನು. ಆದರೆ ಈ ದಿನ ಬೆಳಗ್ಗೆ ನಾನು ಇಲ್ಲಿನ ಜಗಲಿಯ ಮೇಲೆ ಕುಳಿತಿದ್ದಾಗ ಒಬ್ಬರ ಹಿಂದೆ ಒಬ್ಬರಂತೆ ಮೂವರು ತಂದೆತಾಯಿಗಳು ಬಂದು ಒಂದೇ ಪ್ರಶ್ನೆಯನ್ನು ಕೇಳಿದರು. ಒಬ್ಬರ ಮಗಳು ನೃತ್ಯ ಮಾಡುವಳು. ಒಬ್ಬರ ಮಗನು ಮನೆಯ ಪಾತ್ರೆಗಳನ್ನೆಲ್ಲ ತಬಲೆಯನ್ನಾಗಿ ಮಾಡಿಕೊಂಡಿರುವನು. ಮತ್ತೊಬ್ಬರ ಮಗನಿಗೆ ನಾಟಕದ ಹುಚ್ಚು. ಇವರನ್ನು ಯಾರ ಬಳಿಗೆ ಕಳುಹಿಸೋಣ, ಕಲಿತ ಮೇಲೆ ಇವರಿಗೆ ಎಡೆಯೆಲ್ಲಿ ಎಂಬುದೇ ಆ ಪ್ರಶ್ನೆ. ಹನ್ನೆರಡನೆಯ ಶತಮಾನದ ಮಾತು ಒಂದು ದಿನ ತಡವಾದರೆ ನಷ್ಟವಿಲ್ಲ. ಹನ್ನೆರಡು ವರ್ಷದ ಮಗುವಿನ ಮಾತು ತಡವಾಗಬಾರದು. ಆದುದರಿಂದ ಟಿಪ್ಪಣಿಗಳನ್ನು ಚೀಲದಲ್ಲಿಯೇ ಇಟ್ಟಿರುವೆನು.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಅದನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳದೆ ಮುಂದಕ್ಕೆ ಹೋಗಲಾರೆನು. ಕೆಲವು ಸಂವತ್ಸರಗಳ ಹಿಂದೆ ಇದೇ ಬಡಾವಣೆಯಲ್ಲಿ ಹೂವು ಮಾರುವ ಒಬ್ಬ ತಾಯಿಯು ತನ್ನ ಮಗನ ಕೈಹಿಡಿದುಕೊಂಡು ನನ್ನ ಬಳಿಗೆ ಬಂದಳು. ಆ ಹುಡುಗನು ಸೋಮವಾರದ ಭಜನೆಯಲ್ಲಿ ಹಾಡುತ್ತಿದ್ದವನು. ಅವನು ಸ್ವರವನ್ನು ಮೇಲಕ್ಕೆತ್ತಿದನೆಂದರೆ ತಾಳ ಹಾಕುವವರ ಕೈ ತಾನಾಗಿಯೇ ನಿಲ್ಲುತ್ತಿದ್ದಿತು. "ಬುದ್ಧೀ, ಇವನ ಗಂಟಲು ಚೆನ್ನಾಗಿದೆಯೆಂದು ಎಲ್ಲರೂ ಹೇಳುತ್ತಾರೆ. ಯಾರ ಹತ್ತಿರ ಬಿಟ್ಟರೆ ಕಲಿತಾನು, ತಾವೇ ಒಂದು ದಾರಿ ತೋರಿಸಬೇಕು" ಎಂದಳು. ನಾನು ಏನು ಹೇಳಿದೆನೆಂದರೆ, "ತಾಯೀ, ಮೊದಲು ಹತ್ತನೆಯ ತರಗತಿ ಮುಗಿಯಲಿ, ಸಂಗೀತವೇನು ಓಡಿಹೋಗುವುದೆ?" ಎಂದೆನು. ಆಕೆ ನಮಸ್ಕಾರ ಮಾಡಿ ಹೊರಟುಹೋದಳು. ಮಠದವರು ಹೇಳಿದ ಮಾತಲ್ಲವೆ!

ಸಂಗೀತವು ಓಡಿಹೋಗಲಿಲ್ಲ, ಕಂಠವು ಓಡಿಹೋಯಿತು. ಗಂಡುಮಕ್ಕಳಿಗೆ ಹದಿಮೂರು ಹದಿನಾಲ್ಕರ ಪ್ರಾಯದಲ್ಲಿ ಧ್ವನಿ ಒಡೆಯುವ ಕಾಲದಲ್ಲಿ ಬಲ್ಲ ಗುರುವು ಜೊತೆಯಲ್ಲಿದ್ದರೆ ಶ್ರುತಿಯನ್ನು ಇಳಿಸಿ, ಮಂದ್ರಸ್ಥಾಯಿಯಲ್ಲಿ ಮೆಲ್ಲನೆ ಸಾಧನೆ ಮಾಡಿಸಿ, ಗಂಟಲನ್ನು ಕಾಪಾಡುವನು. ಗುರುವಿಲ್ಲದ ಹುಡುಗನು ಹಳೆಯ ಎತ್ತರದಲ್ಲಿಯೇ ಹಾಡಹೋಗಿ, ಸ್ವರ ಸೀಳಿ, ಸರೀಕರಿಂದ ನಗೆಗೀಡಾಗಿ, ನಾಚಿ ಬಾಯಿ ಮುಚ್ಚುವನು. ಈತನಿಗೂ ಹಾಗೆಯೇ ಆಯಿತು. ಹೋದ ತಿಂಗಳು ಅವನು ಸ್ಕೂಟರಿನ ಮೇಲೆ ಯಾರದೋ ಮನೆಗೆ ಊಟದ ಪೊಟ್ಟಣವನ್ನು ಒಯ್ಯುತ್ತಿದ್ದವನು ನನ್ನನ್ನು ಕಂಡು ನಿಲ್ಲಿಸಿ ನಮಸ್ಕರಿಸಿದನು. "ಹಾಡುತ್ತಿರುವೆಯೇನಪ್ಪ?" ಎಂದೆನು. "ಇಲ್ಲ ಬುದ್ಧೀ, ಬಿಟ್ಟು ಬಹಳ ದಿನವಾಯಿತು" ಎಂದು ನಕ್ಕನು. ಅವನ ದುಡಿಮೆಯಲ್ಲಿ ಯಾವ ಕುಂದೂ ಇಲ್ಲ, ಕಾಯಕವು ಕಾಯಕವೇ. ಆದರೆ ಆ ನಗೆಯು ನನ್ನ ನಿದ್ರೆಯನ್ನು ಕೆಡಿಸಿರುವುದು.

ನಾನು ಹಾಗೇಕೆ ಹೇಳಿದೆನು? ವಿಚಾರಮಾಡಿ ನೋಡಿದರೆ ಅದು ನನ್ನ ಸ್ವಂತದ ಮಾತಲ್ಲ. ಪಾಠಶಾಲೆಯಿಂದ ಹೊತ್ತುಕೊಂಡು ಬಂದ ಮಾತು. ನಾನು ಅಮರಕೋಶವನ್ನೂ ಲಘುಕೌಮುದಿಯನ್ನೂ ಕಂಠಪಾಠ ಮಾಡಿದ ಪಾಠಶಾಲೆಯಲ್ಲಿ ಒಬ್ಬ ಸಹಪಾಠಿಯಿದ್ದನು. ಶ್ಲೋಕ ಹೇಳುವಾಗಲೂ ಅವನ ಬೆರಳುಗಳು ತೊಡೆಯ ಮೇಲೆ ತಾಳ ಹಾಕುತ್ತಿದ್ದುವು. ಅದಕ್ಕಾಗಿ ಅವನಿಗೆ ಬೆತ್ತದ ಏಟು ಬೀಳದ ದಿನವಿರಲಿಲ್ಲ. ಹಾಡುವುದು ಓದಿಗೆ ಶತ್ರು, ಕುಣಿಯುವುದು ಮರ್ಯಾದೆಗೆ ಶತ್ರು ಎಂಬುದು ಅಲ್ಲಿಯ ಅಲಿಖಿತ ಸೂತ್ರ. ಪಾಠ ಹೇಳಿದವರು ವಿದ್ವಾಂಸರು, ನಿಃಸ್ಪೃಹರು. ಅವರ ಋಣ ನನ್ನ ಮೇಲಿರುವುದು. ಆದರೂ ಈ ಒಂದು ಸೂತ್ರವನ್ನು ಅವರು ಯಾವ ಗ್ರಂಥದಿಂದ ತೆಗೆದರೋ ನನಗೆ ಈವರೆಗೆ ಸಿಕ್ಕಿಲ್ಲ.

ಏಕೆಂದರೆ ನಮ್ಮ ಪೂರ್ವಿಕರ ನಡೆಯು ಇದಕ್ಕೆ ವಿರುದ್ಧವಾಗಿರುವುದು. ಕಲ್ಯಾಣದ ಶರಣರ ಹೆಸರುಗಳನ್ನೇ ಗಮನಿಸಿರಿ. ಕಿನ್ನರಿಯನ್ನು ನುಡಿಸುತ್ತಿದ್ದವರು ಕಿನ್ನರಿ ಬೊಮ್ಮಯ್ಯಗಳು. ಢಕ್ಕೆಯನ್ನು ಬಾರಿಸುತ್ತಿದ್ದವರು ಢಕ್ಕೆಯ ಬೊಮ್ಮಣ್ಣನವರು. ವೇಷಗಳನ್ನು ತೊಟ್ಟು ಆಡುತ್ತಿದ್ದವರು ಬಹುರೂಪಿ ಚೌಡಯ್ಯಗಳು. ಜನರನ್ನು ನಗಿಸುವುದನ್ನೇ ಕಾಯಕವಾಗಿ ಹಿಡಿದವರು ನಗೆಯ ಮಾರಿತಂದೆಗಳು. ಇವರೆಲ್ಲರೂ ವಚನಕಾರರು. ಆಟವಾಡುವುದನ್ನು ಬಿಟ್ಟುಬಂದರೆ ಮಾತ್ರ ಒಳಕ್ಕೆ ಬಿಡುವೆವೆಂದು ಅವರಿಗೆ ಯಾರೂ ಹೇಳಲಿಲ್ಲ. ಆ ಕಸಬನ್ನೇ ಹೆಸರಿನ ಮುಂದೆ ಬಿರುದಿನಂತೆ ಇಟ್ಟರು. ಅಷ್ಟು ಮಾತ್ರ ಹೇಳಿ ಆ ಕಾಲವನ್ನು ಬಿಟ್ಟು ನಮಗೆ ಹತ್ತಿರದ ಕಾಲಕ್ಕೆ ಬರುವೆನು.

ಹಾನಗಲ್ಲಿನ ಶ್ರೀ ಕುಮಾರ ಸ್ವಾಮಿಗಳವರ ಹೆಸರನ್ನು ಕೇಳದವರು ಈ ಸಭೆಯಲ್ಲಿರಲಾರರು. 1904ರಲ್ಲಿ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಮಹಾತ್ಮರು ಅವರು. ಹಾನಗಲ್ಲು ಸೀಮೆಯ ಕಾಡಶೆಟ್ಟಿಹಳ್ಳಿ ಎಂಬ ಸಣ್ಣ ಊರಿನಲ್ಲಿ ಒಂದು ಬಡ ಕುಟುಂಬದಲ್ಲಿ ಇಬ್ಬರು ಮಕ್ಕಳು, ಇಬ್ಬರೂ ಹುಟ್ಟು ಕುರುಡರು. ಅವರಲ್ಲಿ 1892ರಲ್ಲಿ ಹುಟ್ಟಿದವನ ಹೆಸರು ಗದಿಗೆಯ್ಯ. ಕಣ್ಣಿಲ್ಲದ ಇಬ್ಬರು ಮಕ್ಕಳೆಂದರೆ ಆ ಕಾಲದ ಬಡವರ ಮನೆಗೆ ಏನು ಭಾರವೆಂಬುದನ್ನು ನೀವೇ ಊಹಿಸಿಕೊಳ್ಳಬಹುದು. ಸ್ವಾಮಿಗಳವರು ಆ ಮಕ್ಕಳ ಹಾಡನ್ನು ಕೇಳಿದರು. ಕೇಳಿ, 'ಪಾಪ' ಎಂದು ಕಾಸು ಕೊಟ್ಟು ಮುಂದಕ್ಕೆ ಹೋಗಲಿಲ್ಲ. ಮಕ್ಕಳನ್ನು ತಮಗೆ ಒಪ್ಪಿಸಬೇಕೆಂದು ತಂದೆತಾಯಿಗಳನ್ನು ಕೇಳಿಕೊಂಡರು. ಅವರಲ್ಲಿ ಒಬ್ಬನು ಎಳೆವಯಸ್ಸಿನಲ್ಲಿಯೇ ತೀರಿಕೊಂಡನು. ಉಳಿದ ಗದಿಗೆಯ್ಯನಿಗೆ ಮೊದಲು ಕರ್ನಾಟಕ ಸಂಗೀತದ ಶಿಕ್ಷಣವನ್ನು ಕೊಡಿಸಿದರು. ಆಮೇಲೆ ಮಿರಜಿನ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಸಂಗೀತದ ಅಭ್ಯಾಸವಾಯಿತು. ಆ ಗದಿಗೆಯ್ಯನೇ ಗಾನಯೋಗಿ ಪಂಚಾಕ್ಷರಿ ಗವಾಯಿಗಳೆಂದು ನಾಡಿಗೆಲ್ಲ ಪೂಜ್ಯರಾದರು.

ಇಲ್ಲಿ ನಾವು ನಿಂತು ನೋಡಬೇಕಾದುದೊಂದಿದೆ. ಕುಮಾರ ಸ್ವಾಮಿಗಳವರು ಸಂಗೀತ ವಿದ್ವಾಂಸರೆಂದು ಹೆಸರಾದವರಲ್ಲ. ಕಲಿಸುವ ಶಕ್ತಿ ತಮ್ಮಲ್ಲಿಲ್ಲದಿದ್ದರೂ, ಕಲಿಸಬಲ್ಲವರು ಎಲ್ಲಿರುವರೆಂಬುದನ್ನು ಹುಡುಕಿ, ಅಲ್ಲಿಯವರೆಗೆ ಹುಡುಗನನ್ನು ಮುಟ್ಟಿಸಿ, ಕಲಿಯುವಷ್ಟು ಕಾಲ ಅವನ ಅನ್ನಬಟ್ಟೆಗಳನ್ನು ನೋಡಿಕೊಂಡರು. ಮಠಗಳಿಂದ ಆಗಬೇಕಾದ ಕೆಲಸವೆಂದರೆ ಇದು. ಪ್ರತಿಭೆಯನ್ನು ಮೆಚ್ಚಿ ಶಾಲು ಹೊದಿಸುವುದು ಸುಲಭ. ಮೂರು ಹೊತ್ತಿನ ಪ್ರಸಾದವನ್ನು ಹತ್ತು ವರ್ಷ ನಡೆಸುವುದು ಕಷ್ಟ.

ಪಂಚಾಕ್ಷರಿ ಗವಾಯಿಗಳು ತಾವು ಪಡೆದುದನ್ನು ಹಾಗೆಯೇ ಹಂಚಿದರು. ಅವರ ಸಂಗೀತ ಪಾಠಶಾಲೆಗೆ ಬಹುಕಾಲ ಕಟ್ಟಡವಿರಲಿಲ್ಲ. ಗುರು, ಶಿಷ್ಯರು, ತಂಬೂರಿ, ತಬಲಾ, ಅಡುಗೆಯ ಪಾತ್ರೆಗಳು ಎಲ್ಲವೂ ಊರಿಂದ ಊರಿಗೆ ಸಂಚಾರ ಹೊರಡುತ್ತಿದ್ದುವು. ಕುರುಡರು, ಅನಾಥರು, ಬಡವರು ಅಲ್ಲಿ ಶಿಷ್ಯರು. ಆ ಮಕ್ಕಳ ಹೊಟ್ಟೆಗಾಗಿ ನಾಟಕ ಮಂಡಳಿಯನ್ನು ಕಟ್ಟಿದರು. ಹಗಲು ಸ್ವರಸಾಧನೆ, ರಾತ್ರಿ ರಂಗದ ಮೇಲೆ ಆಟ. ಆಟದ ಹಣದಿಂದ ಮರುದಿನದ ಅಡುಗೆ. ಹೀಗೆ ಶಿಕ್ಷಣವೂ ಅವಕಾಶವೂ ಒಂದೇ ಗಾಡಿಯಲ್ಲಿ ಸಾಗುತ್ತಿದ್ದುವು. 1942ರಲ್ಲಿ ಗದಗಿನಲ್ಲಿ ಆಶ್ರಮಕ್ಕೆ ನೆಲೆಯಾಯಿತು. ಅದೇ ವೀರೇಶ್ವರ ಪುಣ್ಯಾಶ್ರಮ. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದರು. ಅವರ ತರುವಾಯ ಆ ಭಾರವನ್ನು ಹೊತ್ತವರು ಅವರಂತೆಯೇ ಶೈಶವದಲ್ಲಿ ಕಣ್ಣು ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು. 1914ರಲ್ಲಿ ಹುಟ್ಟಿ 2010ರಲ್ಲಿ ಲಿಂಗೈಕ್ಯರಾದ ಈ ಮಹನೀಯರು ಅರುವತ್ತಾರು ವರ್ಷಕಾಲ ಆಶ್ರಮವನ್ನು ನಡೆಸಿದರು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥಗಳನ್ನು ರಚಿಸಿದರು. ಭಕ್ತರು ಇವರಿಗೆ ಎಷ್ಟೋ ತುಲಾಭಾರಗಳನ್ನು ಮಾಡಿದರು. ತಕ್ಕಡಿಗೆ ಬಿದ್ದುದೆಲ್ಲವೂ ಮಕ್ಕಳ ಅನ್ನಕ್ಕೆ ಸಂದಿತು.

ಶಿಕ್ಷಣವೆಂದರೇನು, ಅವಕಾಶವೆಂದರೇನು ಎಂಬುದಕ್ಕೆ ನನಗೆ ಅತಿ ಪ್ರಿಯವಾದ ದೃಷ್ಟಾಂತವು 1936ರದು. ಆ ವರ್ಷ ಹಂಪೆಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ನಡೆಯಿತು. ಪಂಚಾಕ್ಷರಿ ಗವಾಯಿಗಳಂಥ ವಿದ್ವಾಂಸರು ಅಲ್ಲಿ ತಾವೇ ಹಾಡಬಹುದಾಗಿದ್ದಿತು. ಅವರು ತಮ್ಮ ಎಳೆಯ ಶಿಷ್ಯ ಬಸವರಾಜ ರಾಜಗುರುವನ್ನು ಹಾಡಲು ಕೂರಿಸಿದರು. ಕೂರಿಸಿ ತಾವು ಪಕ್ಕದಲ್ಲಿ ತಬಲಾ ನುಡಿಸಿದರು. ಗುರುವು ಶಿಷ್ಯನಿಗೆ ಪಕ್ಕವಾದ್ಯ! ಸಭೆಯ ಮುಂದೆ ಮೊದಲ ಬಾರಿಗೆ ಕುಳಿತ ಹುಡುಗನಿಗೆ, ತಾಳ ತಪ್ಪಿದರೂ ಹಿಡಿದೆತ್ತುವ ಕೈ ಗುರುವಿನದೇ ಎಂಬ ಧೈರ್ಯಕ್ಕಿಂತ ಹೆಚ್ಚಿನ ಆಶೀರ್ವಾದವೇನಿದ್ದೀತು? ಆ ಹುಡುಗನು ಮುಂದೆ ಭಾರತದ ಶ್ರೇಷ್ಠ ಗಾಯಕರಲ್ಲಿ ಒಬ್ಬನಾದುದು ಎಲ್ಲರಿಗೂ ತಿಳಿದದ್ದು. ಈಗಿನ ಕೆಲವು ಗುರುಗಳು ಶಿಷ್ಯರಿಂದಲೇ ಹಣ ಪಡೆದು ಶಿಷ್ಯರನ್ನು ವೇದಿಕೆಗೆ ಹತ್ತಿಸುವರೆಂದು ಕೇಳಿದಾಗಲೆಲ್ಲ ನನಗೆ ಹಂಪೆಯ ಆ ತಬಲೆಯು ಕೇಳಿಸುವುದು.

ಅದೇ ಆಶ್ರಮದ ಮತ್ತೊಂದು ಸಂಗತಿ. ಬಳ್ಳಾರಿ ಸೀಮೆಯ ಲಕ್ಷ್ಮೀಪುರದಲ್ಲಿ ಹುಲೆಪ್ಪನವರೆಂಬ ಜನಪದ ಗಾಯಕರ ಮಗನೊಬ್ಬನು 1953ರಲ್ಲಿ ಹುಟ್ಟಿದನು. ಮನೆಯಲ್ಲಿ ಹಾಡಿತ್ತು, ಹಣವಿರಲಿಲ್ಲ. ಅವನ ಸೋದರಮಾವ ಬೆಳಗಲ್ಲು ವೀರಣ್ಣನವರು ನಾಟಕ ಮತ್ತು ತೊಗಲುಗೊಂಬೆಯಾಟಗಳಲ್ಲಿ ಪಳಗಿದವರು. ಹುಡುಗನ ಕಂಠವನ್ನು ಗುರುತಿಸಿ ಅವರು ಅವನನ್ನು ಗದಗಿಗೆ ಒಯ್ದು ಪುಟ್ಟರಾಜ ಗವಾಯಿಗಳ ಪಾದದಲ್ಲಿ ಬಿಟ್ಟರು. ಹನ್ನೆರಡು ವರ್ಷ ಅಲ್ಲಿಯೇ ಇದ್ದು ಕಲಿತ ಆ ಹುಡುಗನು ಪಂಡಿತ ವೆಂಕಟೇಶಕುಮಾರರಾಗಿ ಧಾರವಾಡದಲ್ಲಿ ಅಧ್ಯಾಪಕರಾದರು. 2016ರಲ್ಲಿ ಪದ್ಮಶ್ರೀಯನ್ನು ಪಡೆದರು. ಇದರಲ್ಲಿ ಗುರುವಿನ ಹಿರಿಮೆಯನ್ನು ಎಲ್ಲರೂ ಹೊಗಳುವರು. ನಾನು ಈಚೆಗೆ ಆ ಸೋದರಮಾವನನ್ನೇ ಹೆಚ್ಚಾಗಿ ನೆನೆಯುತ್ತಿರುವೆನು. ಬಾಗಿಲು ಎಲ್ಲಿರುವುದೆಂದು ಬಲ್ಲವನೊಬ್ಬನು ಕೈಹಿಡಿದು ಕರೆದೊಯ್ಯದಿದ್ದರೆ ಆ ಆಶ್ರಮವಿದ್ದೂ ಆ ಮಗುವಿಗೆ ಇರಲಿಲ್ಲವಾಗುತ್ತಿದ್ದಿತು. ಹೂವಿನ ತಾಯಿಯು ನನ್ನನ್ನು ಬೇಡಿದುದು ಇದನ್ನೇ. ಅವಳ ಮಗನಿಗೆ ನಾನು ಸೋದರಮಾವನಾಗಲಿಲ್ಲ.

ಮಠದಂತೆಯೇ ನಮ್ಮ ನಾಡಿನಲ್ಲಿ ಮಕ್ಕಳನ್ನು ಕಲಾವಿದರನ್ನಾಗಿ ಮಾಡಿದ ಇನ್ನೊಂದು ಪಾಠಶಾಲೆಯೆಂದರೆ ನಾಟಕ ಕಂಪೆನಿಗಳು. ಗುಬ್ಬಿಯ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವು 1884ರಲ್ಲಿ ಹುಟ್ಟಿದುದು. ವೀರಣ್ಣನವರು ತಾವೇ ಬಾಲಕರಾಗಿ ಅದನ್ನು ಸೇರಿ, ಮುಂದೆ ಅದರ ಒಡೆಯರಾದರು. ಮನೆಬಿಟ್ಟು ಓಡಿಬಂದು ಕಂಪೆನಿಯನ್ನು ಸೇರಿದ ಕರಾವಳಿಯ ಹುಡುಗನೊಬ್ಬನನ್ನು ಅವರು ಮುಂದೆ ಓದಿಗಾಗಿ ಕಾಶಿಗೆ ಕಳುಹಿಸಿದರು. ಆತನು ಅಲ್ಲಿ ಪಂಡಿತ ಓಂಕಾರನಾಥ ಠಾಕೂರರಲ್ಲಿ ಸಂಗೀತವನ್ನೂ ಕಲಿತನು. ಆ ಹುಡುಗನೇ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದ ಬಿ. ವಿ. ಕಾರಂತರು. ಧಾರವಾಡದ ಬಳಿಯ ಮನಸೂರಿನ ಮಲ್ಲಿಕಾರ್ಜುನನೂ ಎಳೆಯನಿದ್ದಾಗ ನಾಟಕ ಮಂಡಳಿಯ ರಂಗದ ಮೇಲೆ ಹಾಡುತ್ತಿದ್ದವನೇ. ಅಲ್ಲಿಯೇ ಅವನ ಹಾಡನ್ನು ಕೇಳಿ ಶಿಷ್ಯನನ್ನಾಗಿ ಸ್ವೀಕರಿಸಿದವರು, ಪಂಚಾಕ್ಷರಿ ಗವಾಯಿಗಳಿಗೆ ಪಾಠ ಹೇಳಿದ ಅದೇ ನೀಲಕಂಠಬುವಾ ಅವರು.

ಅಷ್ಟು ದೂರವೇಕೆ? ಈ ಕುರುಬರಹಳ್ಳಿಗೆ ಅನತಿದೂರದಲ್ಲಿ ಕಂಠೀರವ ಸ್ಟುಡಿಯೋ ಇರುವುದು. 2006ರಿಂದ ಅಲ್ಲಿ ಡಾಕ್ಟರ್ ರಾಜಕುಮಾರರ ಸಮಾಧಿಯಿರುವುದನ್ನು ನೀವೆಲ್ಲರೂ ಬಲ್ಲಿರಿ. ನಿಮ್ಮಲ್ಲಿ ಅನೇಕರು ವರ್ಷಕ್ಕೊಮ್ಮೆಯಾದರೂ ಹೂಮಾಲೆ ಹಿಡಿದು ಹೋಗುವಿರಿ. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪೆನಿಯ ನಟರು. ಮಗನು ಶಾಲೆಯನ್ನು ಬಿಟ್ಟು ತಂದೆಯೊಡನೆ ರಂಗವನ್ನು ಹತ್ತಿದನು. 1954ರಲ್ಲಿ 'ಬೇಡರ ಕಣ್ಣಪ್ಪ' ಚಿತ್ರವು ಬರುವ ವೇಳೆಗೆ ಅವರ ಮಾತಿನ ಸ್ಪಷ್ಟತೆ, ಹಾಡಿನ ಶ್ರುತಿ, ನಿಲುವು ಎಲ್ಲವೂ ವರ್ಷಗಟ್ಟಲೆಯ ರಂಗಸಾಧನೆಯಿಂದ ಹದಗೊಂಡಿದ್ದುವು. ಹಾಗೆಂದು ಮಕ್ಕಳನ್ನು ಶಾಲೆ ಬಿಡಿಸಿರೆಂದು ನಾನು ಹೇಳುತ್ತಿಲ್ಲ. ಅದು ಬಡತನದ ಕಾಲದ ಅನಿವಾರ್ಯವಾಗಿದ್ದಿತು. ಸಮಾಧಿಗೆ ಹೂವು ಒಯ್ಯುವ ನಾವು ಆ ಸಾಧನೆಯ ಭಾಗವನ್ನು ಮರೆತು, ಕೀರ್ತಿಯ ಭಾಗವನ್ನು ಮಾತ್ರ ಮಕ್ಕಳಿಗೆ ತೋರಿಸುತ್ತಿರುವೆವೆಂದು ನನ್ನ ಅಭಿಪ್ರಾಯ. ಈಗ ಮೊಬೈಲಿನ ಅಂಗೈಯಗಲದ ತೆರೆಯಲ್ಲಿ ಅರೆ ನಿಮಿಷ ಕುಣಿದರೆ ಊರೆಲ್ಲ ನೋಡುವುದು. ಆ ಅರೆ ನಿಮಿಷದಿಂದ ಅರ್ಧ ಗಂಟೆಯ ಕಛೇರಿಗೆ ಹೋಗುವ ದಾರಿಯನ್ನು ಮಾತ್ರ ಆ ತೆರೆಯು ತೋರಿಸುವುದಿಲ್ಲ.

ಆ ಕಂಪೆನಿಗಳು ಬಹುಮಟ್ಟಿಗೆ ಮರೆಯಾದುವು. ಹಾಗಾದರೆ ಈಗ ಬಾಗಿಲುಗಳೆಲ್ಲಿ? ನಾಟಕವನ್ನು ಕಲಿಯಬೇಕೆಂಬ ಯುವಕ ಯುವತಿಯರಿಗೆ ನಮ್ಮ ನಾಡಿನಲ್ಲಿ ಸ್ಥಳಗಳಿಗೆ ಕೊರತೆಯಿಲ್ಲ. ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು ಕಟ್ಟಿದ ನೀನಾಸಮ್ 1949ರದು. ಅದರ ರಂಗಶಿಕ್ಷಣ ಕೇಂದ್ರವು 1980ರಿಂದ ನಡೆಯುತ್ತಿರುವುದು. 1985ರಲ್ಲಿ ಆರಂಭವಾದ ಅದರ ತಿರುಗಾಟವು, ಕಲಿತವರಿಗೆ ನಾಡೆಲ್ಲ ಸುತ್ತಿ ಆಡುವ ಅವಕಾಶವನ್ನು ತೆರೆಯಿತು. ಮಠಗಳ ಪೈಕಿ ಹೊಸದುರ್ಗ ಸೀಮೆಯ ಸಾಣೇಹಳ್ಳಿಯನ್ನು ಹೆಸರಿಸದಿದ್ದರೆ ಅಪಚಾರವಾದೀತು. ಅಲ್ಲಿಯ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳವರು ಸಣ್ಣ ಹಳ್ಳಿಯೊಂದರಲ್ಲಿ ದೊಡ್ಡ ಬಯಲು ರಂಗಮಂದಿರವನ್ನು ಕಟ್ಟಿಸಿ, ಶಿವಸಂಚಾರವೆಂಬ ತಿರುಗಾಟದ ತಂಡವನ್ನು ನಡೆಸಿ, 2008ರಲ್ಲಿ ರಂಗಶಾಲೆಯನ್ನೂ ತೆರೆದರು. ಮೈಸೂರಿನ ರಂಗಾಯಣದಲ್ಲಿಯೂ ಒಂದು ವರ್ಷದ ಶಿಕ್ಷಣವುಂಟು. ಉಡುಪಿಯ ಯಕ್ಷಗಾನ ಕೇಂದ್ರವು 1971ರಿಂದ ವಸತಿಯೊಡನೆ ಯಕ್ಷಗಾನವನ್ನು ಕಲಿಸುತ್ತಿರುವುದು. ನಮಗೆ ಇನ್ನೂ ಹತ್ತಿರವೆಂದರೆ ಮಲ್ಲತ್ತಹಳ್ಳಿಯ ಕಲಾಗ್ರಾಮ. ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರದ ಒಂದು ವರ್ಷದ ಶಿಕ್ಷಣವು ಅಲ್ಲಿ ದೊರೆಯುವುದು. ಇಲ್ಲಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರ. ಈ ಬೆಳಗ್ಗೆ ನಾಟಕದ ಹುಚ್ಚಿನ ಮಗನ ವಿಚಾರ ಕೇಳಿದ ತಂದೆಗೆ ಅದು ತಿಳಿದಿರಲಿಲ್ಲ. ನನಗೂ ಎರಡು ವರ್ಷದ ಹಿಂದೆ ತಿಳಿದಿರಲಿಲ್ಲ.

ಆದರೆ ಈ ರಂಗಶಾಲೆಗಳಲ್ಲಿ ಬಹುಪಾಲು ಪ್ರಾಯಕ್ಕೆ ಬಂದವರಿಗಾಗಿ ಇರುವುವು. ಸಂಗೀತಕ್ಕೂ ನೃತ್ಯಕ್ಕೂ ಆ ವೇಳೆಗೆ ಕಾಲ ಮಿಂಚಿರುವುದು. ಹತ್ತನೆಯ ವಯಸ್ಸಿನಿಂದ ಹದಿನೆಂಟರವರೆಗಿನ ಅಂತರವಿದೆಯಲ್ಲ, ನಮ್ಮ ಮಕ್ಕಳು ಕಳೆದುಹೋಗುವುದು ಅಲ್ಲಿಯೇ. ಈ ಅಂತರಕ್ಕೆ ಕೇಂದ್ರ ಸರಕಾರದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರದವರು ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆಂದು ಒಂದು ವಿದ್ಯಾರ್ಥಿವೇತನವನ್ನು ಇಟ್ಟಿರುವರು. ಆಯ್ಕೆಯಾದ ಮಗುವು ಗುರುವಿನ ಬಳಿ ಕಲಿಯುತ್ತಿರಬೇಕು, ಶಾಲೆಯನ್ನೂ ಬಿಡಬಾರದು. ಹದಿನೆಂಟರಿಂದ ಇಪ್ಪತ್ತೈದು ವರ್ಷದ ಯುವ ಕಲಾವಿದರಿಗೆ ಸಂಸ್ಕೃತಿ ಇಲಾಖೆಯ ವಿದ್ಯಾರ್ಥಿವೇತನವು ಬೇರೆ. ತಿಂಗಳಿಗೆ 5000 ರೂಪಾಯಿಯಂತೆ ಎರಡು ವರ್ಷ ಎಂದು ಅದರ ಕ್ರಮ. ಸಂಗೀತದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳಿರುವುವು. ಆಕಾಶವಾಣಿಯವರು ಧ್ವನಿಪರೀಕ್ಷೆ ಮಾಡಿ ಶ್ರೇಣಿ ಕೊಡುವರು. ಆ ಶ್ರೇಣಿಯನ್ನು ಹಣ ಕೊಟ್ಟು ಕೊಳ್ಳಲಾಗುವುದಿಲ್ಲ, ಆದುದರಿಂದಲೇ ಅದಕ್ಕೆ ಇಂದಿಗೂ ಬೆಲೆ. ಇವುಗಳ ಅರ್ಜಿಗಳನ್ನು ತುಂಬುವುದು ವ್ಯಾಕರಣಸೂತ್ರಕ್ಕಿಂತ ಕಠಿನವೆಂದು ನನ್ನ ಅನುಭವ. ಒಮ್ಮೆ ಒಬ್ಬ ಹುಡುಗಿಗಾಗಿ ತುಂಬಹೋಗಿ ಎರಡು ಸಂಜೆ ಕಳೆದೆನು. ಆದರೂ ತುಂಬಲೇಬೇಕು. ಅರ್ಜಿ ಹಾಕದವರಿಗೆ ಯಾರೂ ಕೊಡರು.

ಗುರುವನ್ನು ಆರಿಸುವುದು ಹೇಗೆಂದು ಕೇಳುವಿರಿ. ಮಗುವನ್ನು ಸೇರಿಸುವುದಕ್ಕೆ ಮೊದಲು ಒಂದು ದಿನ ನೀವು ಹೋಗಿ ಪಾಠವನ್ನು ಕೇಳುತ್ತ ಕುಳಿತುಕೊಳ್ಳಿರಿ. ಕೂರಲು ಬಿಡದ ಮನೆಗೆ ಮಗುವನ್ನು ಕಳುಹಿಸಬೇಡಿರಿ. ಗುರುವು ತಾನು ಇನ್ನೂ ಸಾಧನೆ ಮಾಡುತ್ತಿರುವನೋ, ಹಳೆಯ ಪ್ರಶಸ್ತಿಪತ್ರಗಳನ್ನು ತೋರಿಸುತ್ತಿರುವನೋ ನೋಡಿರಿ. ಆರು ತಿಂಗಳಲ್ಲಿ ರಂಗಪ್ರವೇಶ ಮಾಡಿಸುವೆನೆಂದರೆ ನಮಸ್ಕಾರ ಮಾಡಿ ಎದ್ದುಬನ್ನಿರಿ. ಕಿರುತೆರೆಯಲ್ಲಿ ಪಾತ್ರ ಕೊಡಿಸುವೆವು, ಭಾವಚಿತ್ರಗಳ ವೆಚ್ಚಕ್ಕೆಂದು ಇಷ್ಟು ಸಾವಿರ ಮುಂಗಡ ಕೊಡಿರಿ ಎಂದು ಬರುವವರ ಮಾತಂತೂ ಬೇಡ. ಕೆಲಸ ಕೊಡುವವನು ಹಣ ಕೊಡುವನಲ್ಲದೆ ಕೇಳುವುದಿಲ್ಲ.

ಹೆಣ್ಣುಮಕ್ಕಳ ತಾಯಂದಿರಿಗೆ ಭಯವಿರುವುದು ಸಹಜ. ಗಂಗೂಬಾಯಿ ಹಾನಗಲ್ಲರು ಗುರು ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಅವರ ತಾಯಿ ಅಂಬಾಬಾಯಿಯವರು ತಾವೇ ಕರ್ನಾಟಕ ಸಂಗೀತದ ಗಾಯಕಿ. ತಮ್ಮ ಹಾಡು ಮಗಳ ಹಿಂದುಸ್ತಾನಿ ಶೈಲಿಯನ್ನು ಕಲುಷಿತಗೊಳಿಸೀತೆಂದು ಹಾಡುವುದನ್ನೇ ಬಿಟ್ಟರು. ಅಂಥ ತ್ಯಾಗವನ್ನು ನಾನು ನಿಮ್ಮಿಂದ ಕೇಳುತ್ತಿಲ್ಲ. ಪಾಠದ ಮನೆಯವರೆಗೆ ಹೋಗಿ, ಮುಗಿಯುವವರೆಗೆ ಕಾದು, ಜೊತೆಯಲ್ಲಿ ಮರಳಿ ಬಂದರೆ ಸಾಕು. ನಾಲ್ಕು ಮನೆಯವರು ಸರದಿಯ ಮೇಲೆ ಹೋದರೆ ಒಬ್ಬರಿಗೂ ಭಾರವಾಗದು.

ಮತ್ತೊಂದು ಮಾತು. ಕಲೆಯೆಂದೊಡನೆ ನಾವು ತಂಬೂರಿಯನ್ನೋ ಗೆಜ್ಜೆಯನ್ನೋ ಮಾತ್ರ ನೆನೆಯುವೆವು. ಈ ಊರಿನ ಹೆಸರನ್ನೇ ನೋಡಿರಿ. ಹಾಲುಮತದವರ ಬೀರೇಶ್ವರನ ಸೇವೆಯೆಂದರೆ ಡೊಳ್ಳು. ವೀರಭದ್ರನ ಸೇವೆಯೆಂದರೆ ವೀರಗಾಸೆ. ರಾಜಾಜಿನಗರ, ಬಸವೇಶ್ವರನಗರಗಳು ಸುತ್ತಲೂ ಬೆಳೆದು ಹಳ್ಳಿಯು ಹೆಸರಿನಲ್ಲಿ ಮಾತ್ರ ಉಳಿದುಕೊಂಡಿದ್ದರೂ, ಡೊಳ್ಳಿನ ಶಬ್ದ ಕೇಳಿದರೆ ಇಲ್ಲಿಯ ಹುಡುಗರ ಕಾಲು ನಿಲ್ಲದು. ಆ ಕಾಲಿಗೂ ಗುರು ಬೇಕು, ಲೆಕ್ಕ ಬೇಕು, ಅಭ್ಯಾಸ ಬೇಕು. ಅದನ್ನು ಕಲಿಯುವ ಮಗುವು ಭರತನಾಟ್ಯ ಕಲಿಯುವ ಮಗುವಿಗಿಂತ ಕೆಳಗಿನದೆಂದು ಯಾರಾದರೂ ಎಣಿಸಿದರೆ, ಢಕ್ಕೆಯ ಬೊಮ್ಮಣ್ಣನವರ ಹೆಸರನ್ನು ಅವರಿಗೆ ಜ್ಞಾಪಿಸಿರಿ.

ಇನ್ನು ಶ್ರೀಮಠದ ಕರ್ತವ್ಯ. ನಮ್ಮ ಪ್ರಸಾದನಿಲಯದಲ್ಲಿ ಇಂಜಿನಿಯರಿಂಗ್ ಓದುವ ಹುಡುಗರಿಗೂ ವೈದ್ಯ ಓದುವ ಹುಡುಗರಿಗೂ ಸ್ಥಳವುಂಟು. ಹೊರ ಊರಿನಿಂದ ಬಂದು ಈ ನಗರದಲ್ಲಿ ಸಂಗೀತವನ್ನೋ ನಾಟಕವನ್ನೋ ಕಲಿಯುತ್ತೇನೆನ್ನುವ ಹುಡುಗನಿಗೆ ಸ್ಥಳ ಕೊಡುವ ಪದ್ಧತಿ ಈವರೆಗೆ ಇರಲಿಲ್ಲ. ಮಹೋತ್ಸವದ ನಿಧಿಯಿಂದ ಕಮಾನು ಕಟ್ಟಿಸಬೇಕೆಂಬ ಸೂಚನೆಯೂ ಬಂದಿರುವುದನ್ನು ನಾನು ಬಲ್ಲೆನು. ಕಮಾನು ಕಟ್ಟಿದವರ ಹೆಸರು ಕಲ್ಲಿನಲ್ಲಿ ಉಳಿಯುವುದು, ನಿಜ. ಅದರಲ್ಲಿ ಒಂದು ಭಾಗವನ್ನು ತೆಗೆದು ಕಲಾವಿದ್ಯಾರ್ಥಿಗಳಿಗೆ ನಾಲ್ಕು ಹಾಸಿಗೆಗಳನ್ನು ಕಾದಿಡಬೇಕೆಂದು ನಿನ್ನೆ ರಾತ್ರಿ ಶ್ರೀಗಳವರಲ್ಲಿ ವಿಜ್ಞಾಪಿಸಿಕೊಂಡೆನು. ಎರಡಕ್ಕೆ ಅಪ್ಪಣೆಯಾಗಿರುವುದು. ಉಳಿದ ಎರಡಕ್ಕಾಗಿ ಈ ಸಭೆಯಲ್ಲಿರುವ ದಾನಿಗಳನ್ನು ನೋಡುತ್ತಿರುವೆನು.

ಬರುವ ಸೋಮವಾರದಿಂದ ಪ್ರಸಾದದ ಮನೆಯ ಪಕ್ಕದ ಕೊಠಡಿಯು ಸಂಜೆ ಆರರಿಂದ ಎಂಟರವರೆಗೆ ತೆರೆದಿರುವುದು. ಒಂದು ಹಾರ್ಮೋನಿಯಂ, ಒಂದು ಜೊತೆ ತಬಲಾ, ಒಂದು ಶ್ರುತಿಪೆಟ್ಟಿಗೆ ಸಿದ್ಧವಾಗಿರುವುವು. ಡೊಳ್ಳಿಗೆ ಹಿಂದಿನ ಅಂಗಳವುಂಟು, ಸದ್ದಿಗೆ ಅಕ್ಕಪಕ್ಕದ ಮನೆಯವರು ಎರಡು ಗಂಟೆ ಸೈರಿಸಿಕೊಳ್ಳಬೇಕು. ವಾರಕ್ಕೆ ಮೂರು ದಿನ ಪಾಠ ಹೇಳಲು ಒಬ್ಬ ಗವಾಯಿಗಳು ಒಪ್ಪಿರುವರು. ಉಳಿದ ದಿನಗಳಲ್ಲಿ ನಾನು ಒಂದು ದಫ್ತರವನ್ನಿಟ್ಟುಕೊಂಡು ಅಲ್ಲಿ ಕುಳಿತಿರುವೆನು. ಯಾವ ಮಗುವಿಗೆ ಯಾವ ಕಲೆಯಲ್ಲಿ ಒಲವು, ಪ್ರಾಯವೆಷ್ಟು, ಯಾವ ಗುರುವಿನಲ್ಲಿಗೆ ಹೋಗಬೇಕು, ಯಾವ ಅರ್ಜಿಯ ಗಡುವು ಯಾವಾಗ ಎಂಬುದನ್ನು ಬರೆದುಕೊಂಡು ಬೆನ್ನುಹತ್ತುವುದು ನನ್ನ ಕೆಲಸ. ಬೆಳಗ್ಗೆ ಬಂದ ಮೂವರು ಮಕ್ಕಳ ಹೆಸರುಗಳು ಎರಡನೆಯ ಸಾಲಿನಿಂದ ನಾಲ್ಕನೆಯದರವರೆಗೆ ಇರುವುವು.

ಮೊದಲನೆಯ ಸಾಲಿನಲ್ಲಿ ಹೂವಿನ ತಾಯಿಯ ಮಗನ ಹೆಸರನ್ನು ಬರೆದಿರುವೆನು. ಒಡೆದ ಕಂಠವು ಈಗ ನೆಲೆಗೊಂಡಿರುವುದು, ಕೆಳಗಿನ ಶ್ರುತಿಯಲ್ಲಿ ಮೊದಲಿನಿಂದ ಆರಂಭಿಸಬಹುದೆಂದು ಗವಾಯಿಗಳು ಹೇಳುವರು. ಮೊನ್ನೆ ಅವನ ಮನೆಗೆ ನಾನೇ ಹೋಗಿದ್ದೆನು. "ಕೆಲಸದ ಹೊತ್ತು ನೋಡಿಕೊಂಡು ಹೇಳುತ್ತೇನೆ ಬುದ್ಧೀ" ಎಂದನು. ಇನ್ನೂ ಹೇಳಿಲ್ಲ. ಶರಣು.